ಮಸಿಗುಡ್ಡದ ದೇವರ ಹೆಸರು

ಕಾಟಯ್ಯನ ಗ್ರಹಚಾರ ಶುರುವಾದದ್ದು ಒಂದು ಖಾಲಿ ಖಾನೆಯಿಂದ.

ಸರ್ಕಾರದ ಆ ಕಾಗದದಲ್ಲಿ ಐದು ಖಾನೆಗಳಿದ್ದವು. ಗುಡ್ಡ ಯಾವುದು, ದೇವರ ಹೆಸರೇನು, ಪೂಜಾರಿ ಯಾರು, ಪೂಜೆ ಎಷ್ಟು ಕಾಲದಿಂದ, ದೇವರ ಜಾಗ ಎಲ್ಲಿಂದ ಎಲ್ಲಿಯವರೆಗೆ. ಗುಮಾಸ್ತ ವೆಂಕಣ್ಣಯ್ಯನವರು ಹೊತ್ತು ಮೂಡುವ ಮೊದಲೇ ಶ್ರೀರಾಂಪುರ ಬಿಟ್ಟು, ಗಾಡಿಯಲ್ಲಿ ಸೊಂಟ ನೋಯಿಸಿಕೊಂಡು ಮಸಿಗುಡ್ಡದ ಹಟ್ಟಿಗೆ ಬಂದು, ಬೇವಿನ ಮರದಡಿ ಕಂಬಳಿಯ ಮೇಲೆ ಕೂತು ನಾಲ್ಕು ಖಾನೆಗಳನ್ನು ಮುತ್ತು ಪೋಣಿಸಿದ ಹಾಗೆ ತುಂಬಿದರು. ಎರಡನೆಯದು ಮಾತ್ರ ಹಲ್ಲು ಬಿದ್ದ ಜಾಗದಂತೆ ಬೋಳಾಗಿ ಉಳಿಯಿತು.

"ದೇವರ ಹೆಸರು ಹೇಳಯ್ಯಾ."

"ಹೇಳಂಗಿಲ್ಲ ಸ್ವಾಮಿ," ಎಂದ ಪೂಜಾರಿ ಕಾಟಯ್ಯ, ಕೈಮುಗಿದು. "ಪೂಜಾರಿ ಒಬ್ನೇ, ವರ್ಷಕ್ಕೊಂದು ದಪ, ಗುಡ್ಡದ ಮ್ಯಾಲೆ ತುಟಿ ಒಳಗೇ ಅನ್ಬೇಕು. ಬ್ಯಾರೇರ ಕಿವಿಗೆ ಬಿದ್ರೆ ದೇವ್ರು ಗುಡ್ಡ ಬಿಟ್ಟು ಹೋಗ್ತಾನೆ."

"ಹಾಗಾದರೆ ನಾನು ಏನು ಬರೆಯಲಿ?"

"ಹೇಳಂಗಿಲ್ಲ ಅಂತ್ಲೇ ಬರ್ಕಳ್ರಿ."

ವೆಂಕಣ್ಣಯ್ಯನವರ ಮುಖ ಬಾಡಿತು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಅವರು ಒಂದು ಖಾನೆಯನ್ನೂ ಖಾಲಿ ಬಿಟ್ಟವರಲ್ಲ. ಖಾಲಿ ಖಾನೆ ಕಂಡರೆ ಅವರಿಗೆ ಹಾಸಿಗೆಯಲ್ಲಿ ಚೇಳು ಕಂಡಷ್ಟು ಭಯ.

"ನೋಡಯ್ಯಾ, ಮಧ್ಯಾಹ್ನ ಅಮಲ್ದಾರ್ ಸಾಹೇಬರು ಬರುತ್ತಾರೆ, ಜೊತೆಗೆ ಕಂಪನಿ ದೊರೆ. ಹೆಸರಿಲ್ಲದ ದೇವರನ್ನ ಅವರ ಮುಂದೆ ಹೇಗೆ ಇಡಲಿ? ಅಷ್ಟರೊಳಗೆ ಯೋಚನೆ ಮಾಡು. ಈ ಖಾನೆ ಹೀಗೇ ಉಳಿದರೆ ಗುಡ್ಡ ಉಳಿಯೋದು ಕಷ್ಟ."

ಆ ಕೊನೆಯ ಮಾತನ್ನು ಅವರು ತಮ್ಮ ಸಮಾಧಾನಕ್ಕೆಂದು ಹೇಳಿದ್ದು. ಆದರೆ ಮರದ ಸುತ್ತ ಕುಕ್ಕರುಗಾಲಲ್ಲಿ ಕೂತಿದ್ದ ಹಟ್ಟಿಯ ಗಂಡಸರೆಲ್ಲ ಅದನ್ನು ಕೇಳಿಸಿಕೊಂಡರು.

ಪ್ಲೇಗಿನ ಮಾರಿ ಕಳೆದು ಆಗ ಐದಾರು ವರ್ಷವಾಗಿತ್ತು. ಹೊಸದುರ್ಗ, ಹೊಳಲ್ಕೆರೆಯ ಕಡೆ ಗುಡ್ಡಗಳಲ್ಲೆಲ್ಲ ದೊರೆಗಳು ಸಣ್ಣ ಸುತ್ತಿಗೆ ಹಿಡಿದು ಅಡ್ಡಾಡುತ್ತಿದ್ದರು. ಕಲ್ಲು ಒಡೆಯುವುದು, ಮೂಸುವುದು, ಚೀಲಕ್ಕೆ ಹಾಕಿಕೊಳ್ಳುವುದು. ಮಸಿಗುಡ್ಡದ ಕಲ್ಲು ಮುಟ್ಟಿದರೆ ಕೈಗೆ ಮಸಿ ಹತ್ತುವಂಥದು. ಅದನ್ನು ವಿಲಾಯಿತಿಯಲ್ಲಿ ಉಕ್ಕಿಗೆ ಬೆರೆಸುತ್ತಾರೆಂದು ಸುದ್ದಿ ಬಂದಾಗ ಹಟ್ಟಿಯವರಿಗೆ ನಗು ಬಂತು. ಹಡಗಿನಲ್ಲಿ ಕಲ್ಲು ತರಿಸಿಕೊಳ್ಳಬೇಕಾದರೆ ಆ ಸೀಮೆಯಲ್ಲಿ ಕಲ್ಲಿಗೂ ಬರ ಬಂದಿರಬೇಕು ಎಂದು ಕನಿಕರಪಟ್ಟರು. ಆ ಕಲ್ಲು ಅಗೆಯುವ ಕಂಪನಿಯವರು ಗುಡ್ಡದ ನಾಲ್ಕು ಮೂಲೆಗೆ ಸುಣ್ಣ ಬಳಿದ ಗಡಿಕಲ್ಲು ನೆಟ್ಟ ದಿನ ಆ ನಗುವೂ ಕನಿಕರವೂ ನಿಂತುಹೋದವು.

ಗುಡ್ಡದ ನೆತ್ತಿಯಲ್ಲಿ ಮೊಣಕಾಲೆತ್ತರದ ಏಳು ಕಲ್ಲುಗಳಿದ್ದವು. ಗುಡಿಯಿಲ್ಲ, ಕುಂಕುಮವಿಲ್ಲ, ಕಲ್ಲಿನ ಮೇಲೆ ಒಂದು ಗೀರೂ ಇಲ್ಲ. ಹಟ್ಟಿಯ ಮೂಲಪುರುಷ ತನ್ನ ಆರು ನಾಯಿಗಳೊಂದಿಗೆ ಕುರಿಹಿಂಡಿಗೆ ಅಡ್ಡ ನಿಂತು ಹುಲಿಯ ಕೈಲಿ ಸತ್ತ ಜಾಗ ಅದು. ಒಂದು ಕಲ್ಲು ಅವನದು, ಆರು ನಾಯಿಗಳವು. ಹಟ್ಟಿಯಲ್ಲಿ ಹುಟ್ಟಿದ ಕೂಸು ಮೊದಲು ಬಿಸಿಲು ಕಾಣುತ್ತಿದ್ದುದು ಅಲ್ಲಿ. ಪ್ಲೇಗಿನಲ್ಲಿ ಹೋದ ಹತ್ತೊಂಬತ್ತು ಜನರನ್ನು ಮಣ್ಣು ಮಾಡಿದ್ದೂ ಆ ಕಲ್ಲುಗಳ ಕೆಳಗಿನ ಇಳಿಜಾರಿನಲ್ಲೇ. ಆ ಹತ್ತೊಂಬತ್ತರಲ್ಲಿ ಒಬ್ಬಳು ಕಾಟಯ್ಯನ ಮಗಳು. ಅವಳಿಗೆ ಆಗ ಒಂಬತ್ತು ವರ್ಷ.

ಹಳೆಯ ಕಾಲದಿಂದ ಪೂಜೆ ನಡೆಯುವ ಜಾಗವಿದ್ದರೆ ವಿಚಾರಣೆ ಮಾಡಿ, ನಿಜವಾದರೆ ಅಷ್ಟನ್ನು ಕಂಪನಿಗೆ ಕೊಡದೆ ಬಿಡಬೇಕೆಂದು ಮೇಲಿನಿಂದ ಹುಕುಂ ಬಂದಿತ್ತು. ಆ ವಿಚಾರಣೆ ಇವತ್ತು.

ಗುಮಾಸ್ತರು ರಾಗಿ ಅಂಬಲಿ ಕುಡಿಯಲು ಆಚೆ ಹೋದದ್ದೇ ತಡ, ಹಟ್ಟಿಯ ಗೌಡ ಚಿತ್ತಯ್ಯ ಎದ್ದು ನಿಂತ. ಎಪ್ಪತ್ತರ ಮುದುಕ. ಅವನ ಮೀಸೆ ಅವನಿಗಿಂತ ಮೊದಲು ಮಾತಾಡುತ್ತಿತ್ತು.

"ಏನಪ್ಪ, ಈಗ ಏನ್ ಮಾಡಾಣ? ಹೆಸ್ರು ಹೇಳಿದ್ರೆ ದೇವ್ರು ಹೋಗ್ತಾನೆ, ಹೇಳ್ದಿದ್ರೆ ಗುಡ್ಡ ಹೋಗ್ತೈತೆ."

"ಗುಡ್ಡನೇ ಹೋದ್ರೆ ದೇವ್ರು ಎಲ್ಲಿ ಕುಂತ್ಕಂತಾನೆ?" ಎಂದರು ಯಾರೋ.

ಕಾಟಯ್ಯನ ಹೆಂಡತಿಯ ತಮ್ಮ ಗೊಲ್ಲಪ್ಪ ಮುಂದೆ ಬಂದ. ಎಲ್ಲರ ಕಷ್ಟಕ್ಕೂ ಅವನ ಬಳಿ ಒಂದು ಉಪಾಯವಿರುತ್ತಿತ್ತು, ಆ ಉಪಾಯದಿಂದ ಇನ್ನೆರಡು ಕಷ್ಟ ಹುಟ್ಟುತ್ತಿದ್ದವು. "ಇದೇನು ದೊಡ್ಡ ಮಾತು? ಬ್ಯಾರೇರ ಕಿವಿಗೆ ಬೀಳಬಾರ್ದು ಅಷ್ಟೇ ಅಲ್ವಾ? ಭಾವ ಅಮಲ್ದಾರ್ರಿಗೆ ಹೇಳ್ಲಿ. ನಾವೆಲ್ಲ ಕಿವೀಲಿ ಬೆರಳಿಟ್ಕಂಡು ಕುಂತ್ಕಳಾಣ. ಸರ್ಕಾರದೋರ ಕಿವಿ ಲೆಕ್ಕಕ್ಕಿಲ್ಲ, ಅವ್ರು ಇವತ್ತು ಇಲ್ಲಿರ್ತಾರೆ, ನಾಳೆ ಮೈಸೂರಿಗೆ ವರ್ಗ ಆಗ್ತಾರೆ."

ಜನಕ್ಕೆ ಇದು ಬಹಳ ಹಿಡಿಸಿತು. ತಪ್ಪುಕಾಣಿಕೆಯಾಗಿ ಏಳು ಕೊಡ ಹಾಲು ಎರೆಯುವುದೆಂದು ಅಲ್ಲೇ ತೀರ್ಮಾನವಾಯಿತು. ಚಿತ್ತಯ್ಯ ಬಂದು ಕಾಟಯ್ಯನ ಹೆಗಲ ಮೇಲೆ ಕೈಯಿಟ್ಟ. "ನಿನ್ನ ನಾಲಿಗೆ ಮ್ಯಾಲೆ ಗುಡ್ಡ ನಿಂತೈತೆ ಕಣಪ್ಪ."

ಸುತ್ತ ನಿಂತವರೆಲ್ಲ ಅವನನ್ನು ಪ್ರೀತಿಯಿಂದ ನೋಡಿದರು. ಕಾಟಯ್ಯ ಕಂಬಳಿ ಸರಿಮಾಡಿಕೊಳ್ಳುವಂತೆ ಮುಖ ತಿರುಗಿಸಿದ. ಏಕೆಂದರೆ ಅವನಿಗೆ ದೇವರ ಹೆಸರು ಗೊತ್ತಿರಲಿಲ್ಲ.

ಇದು ನಲವತ್ತು ವರ್ಷದ ಹಳೆಯ ಗುಟ್ಟು. ಹೆಸರನ್ನು ಅಪ್ಪ ಮಗನ ಕಿವಿಯಲ್ಲಿ ಹೇಳಬೇಕು, ಮಗನಿಗೆ ಮೀಸೆ ಮೂಡಿದ ಮೇಲೆ. ಕಾಟಯ್ಯನ ತುಟಿಯ ಮೇಲೆ ಇನ್ನೂ ನುಣ್ಣಗಿದ್ದಾಗಲೇ ಅವನಪ್ಪ ಮೇಕೆಗೆ ಸೊಪ್ಪು ಕಡಿಯಲು ಮರ ಹತ್ತಿ ಬಿದ್ದ. ಮಗ ಓಡಿಹೋಗಿ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ. ಅಪ್ಪ ಅವನನ್ನು ಹತ್ತಿರಕ್ಕೆ ಎಳೆದು, ಕಿವಿಗೆ ಬಾಯಿಟ್ಟು, "ನೀರು" ಎಂದ. ಅಷ್ಟೇ.

ಅದು ದೇವರ ಹೆಸರೋ ಬಾಯಾರಿಕೆಯೋ ಎಂದು ಕಾಟಯ್ಯನಿಗೆ ಇವತ್ತಿಗೂ ತಿಳಿದಿಲ್ಲ. ಮೊದಲ ಎರಡು ವರ್ಷ ಗುಡ್ಡದ ಮೇಲೆ ಅವನು "ನೀರು, ನೀರು" ಎಂದೇ ಗೊಣಗಿದ. ಎರಡೂ ವರ್ಷ ಮಳೆ ಕೆರೆಕಟ್ಟೆ ಒಡೆಯುವಷ್ಟು ಸುರಿಯಿತು. ಹುಡುಗನ ಬಾಯಲ್ಲಿ ದೇವರು ನಿಂತಿದ್ದಾನೆ ಎಂದು ಹಟ್ಟಿ ಕೊಂಡಾಡಿತು. ಮೂರನೆಯ ವರ್ಷ ಅವನಿಗೇ ಹೆದರಿಕೆಯಾಗಿ ಬಿಟ್ಟುಬಿಟ್ಟ. ಅಂದಿನಿಂದ ಬರೀ ತುಟಿ ಅಲ್ಲಾಡಿಸುತ್ತ ಬಂದಿದ್ದಾನೆ. ಮಗಳನ್ನು ಮಣ್ಣಿಗಿಟ್ಟ ದಿನವೂ ಹಾಗೆಯೇ ಅಲ್ಲಾಡಿಸಿದ. ಹೆಂಡತಿ ನಿಂಗಕ್ಕನಿಗೂ ಇದು ಗೊತ್ತಿಲ್ಲ.

ವಿಚಾರಣೆಗೆ ಇನ್ನೂ ಒಂದು ಜಾವ ಹೊತ್ತಿತ್ತು. ಒಂದು ಹರದಾರಿ ದೂರದ ಹಟ್ಟಿಯಲ್ಲಿ ಅವನ ಸೋದರತ್ತೆ ಈರಕ್ಕ ಇದ್ದಳು. ತೊಂಬತ್ತರ ಹತ್ತಿರದ ವಯಸ್ಸು. ಅವಳ ಅಪ್ಪನೂ ಇದೇ ಪೂಜೆ ಮಾಡಿದವನು. ಎಲ್ಲಾದರೂ ಒಂದು ಚೂರು ಅವಳ ಕಿವಿಗೆ ಬಿದ್ದಿದ್ದರೆ? "ಮಿಂದು ಮಡಿಯಾಗಿ ಬತ್ತೀನಿ" ಎಂದು ಸುಳ್ಳು ಹೇಳಿ ಕಾಟಯ್ಯ ಕಂಬಳಿ ಹೊದ್ದು ಹೊರಟ. ಹಟ್ಟಿ ಕಣ್ಣಿಂದ ಮರೆಯಾದದ್ದೇ ಓಡತೊಡಗಿದ.

ಈರಕ್ಕ ಗುಡಿಸಲ ಮುಂದೆ ಅವರೆಕಾಯಿ ಬಿಡಿಸುತ್ತಿದ್ದಳು. ಅವಳ ಕಿವಿ ಹೋಗಿ ಹತ್ತು ವರ್ಷವಾಗಿತ್ತು ಎಂಬುದನ್ನು ಕಾಟಯ್ಯ ಅವಸರದಲ್ಲಿ ಮರೆತಿದ್ದ.

"ಅತ್ತೆ, ನಮ್ಮ ದೇವ್ರ ಹೆಸ್ರು ಏನು?" ಎಂದ, ಮೆಲ್ಲಗೆ.

"ಆಂ?"

"ಹೆಸ್ರು, ಹೆಸ್ರು!"

"ಹೆಸ್ರಾ? ಈ ವರ್ಷ ಹೆಸ್ರು ಹಾಕ್ಲಿಲ್ಲ ಕಣಪ್ಪ. ಅಲಸಂದೆ ಐತೆ, ಕೊಡ್ಲಾ?"

"ಕಾಳಲ್ಲ ಅತ್ತೆ! ದೇವ್ರ ಹೆಸ್ರು! ದೇವ್ರ!"

"ದೇವ್ರಿಗಾ? ನಮ್ಮ ದೇವ್ರಿಗೆ ಹೆಸ್ರು ಬೇಯ್ಸೋ ಪದ್ಧತಿ ಇಲ್ಲ. ಬರೀ ಹಾಲು."

ನಲವತ್ತು ವರ್ಷ ತನ್ನ ನೆರಳಿಗೂ ಕೇಳದಂತೆ ಕಾಪಾಡಿದ ಗುಟ್ಟನ್ನು ಅವನು ಈಗ ಬಯಲಲ್ಲಿ ನಿಂತು ಕೂಗಬೇಕಾಯಿತು. ಕೂಗಿಗೆ ಅಕ್ಕಪಕ್ಕದ ಗುಡಿಸಲಿನವರೆಲ್ಲ ಬಂದು ಸುತ್ತುಗಟ್ಟಿದರು. ಏನಾಯಿತಪ್ಪ, ಹೆಸರುಕಾಳು ಎಷ್ಟು ಬೇಕು, ಯಾರಿಗಾದರೂ ಮೈಯಲ್ಲಿ ಹುಷಾರಿಲ್ಲವೇ, ಹೆಸರುಕಟ್ಟು ಕುಡಿಸಬೇಕೇ ಎಂದು ಕೇಳಿದರು. ಒಬ್ಬ ಹೆಂಗಸು ತನ್ನ ಮನೆಯಲ್ಲಿದ್ದ ಎರಡು ಹಿಡಿ ಹೆಸರುಕಾಳನ್ನೇ ತಂದು ಅವನ ಕಂಬಳಿಯ ಚುಂಗಿಗೆ ಕಟ್ಟಿಬಿಟ್ಟಳು. ಕಾಟಯ್ಯ ಅಳುವ ಮುಖ ಮಾಡಿ ಅವಳಿಗೆ ಕೈಮುಗಿದ.

ಈರಕ್ಕ ಆ ಮುಖವನ್ನು ನೋಡಿದಳು. ನೋಡುತ್ತಲೇ ಕೈಯಲ್ಲಿದ್ದ ಅವರೆಕಾಯಿ ಕೆಳಗಿಟ್ಟು, ಅವನ ರಟ್ಟೆ ಹಿಡಿದು ಒಳಗೆ ಕರೆದೊಯ್ದು ತಟ್ಟಿಬಾಗಿಲು ಎಳೆದಳು.

"ನಿಮ್ಮಪ್ಪ ಹೇಳ್ಲಿಲ್ವಾ?"

ಕಾಟಯ್ಯ ತಲೆ ತಗ್ಗಿಸಿದ. ಮುದುಕಿ ಅವನ ಗಲ್ಲ ಹಿಡಿದು ಮೇಲೆತ್ತಿದಳು.

"ಹೆಣ್ಮಕ್ಳಿಗೆ ಅದು ಗೊತ್ತಾಗಲ್ಲ ಕಣಪ್ಪ. ಗೊತ್ತಿಲ್ಲ ಅಂತ ಹೇಳ್ಬಿಡು. ದೇವ್ರು ಸಿಟ್ಟಾಗಲ್ಲ."

"ಜನ ಆಗ್ತಾರಲ್ಲ ಅತ್ತೆ," ಎಂದ ಕಾಟಯ್ಯ. ಅವಳಿಗೆ ಕೇಳಿಸಲಿಲ್ಲ.

ದಾರಿಯಲ್ಲಿ ಬರುತ್ತ ಅವನು ಅತ್ತೆಯ ಮಾತನ್ನು ಹಾಗೂ ಹೀಗೂ ತಿರುಗಿಸಿ ನೋಡಿದ. ಗೊತ್ತಿಲ್ಲ ಎನ್ನಬಹುದು. ಆದರೆ ನಲವತ್ತು ವರ್ಷ ಪೂಜಾರಿಯೆಂದು ಹಟ್ಟಿಯ ಮೊದಲ ಹಾಲು ಕುಡಿದವನು, ಕೂಸುಗಳ ಹಣೆ ಮುಟ್ಟಿದವನು, ಸತ್ತವರನ್ನು ಒಪ್ಪಿಸಿದವನು ಈಗ ಎದ್ದು ನಿಂತು ನಾನು ಒಪ್ಪಿಸಿದ್ದು ಯಾರಿಗೆಂದು ನನಗೇ ಗೊತ್ತಿಲ್ಲ ಎಂದರೆ, ಸತ್ತ ಹತ್ತೊಂಬತ್ತು ಜನರ ಮನೆಯವರ ಮುಖ ಹೇಗೆ ನೋಡುವುದು? ನಿಂಗಕ್ಕನ ಮುಖ?

ಹಳ್ಳದ ದಂಡೆಯಲ್ಲಿ ಒಂದು ಕೊಡೆ ಕಾಣಿಸಿತು. ಕೊಡೆಯ ಕೆಳಗೆ ಶ್ರೀರಾಂಪುರದ ಶಾಲೆಯ ಹಾಲಸ್ವಾಮಿ ಮೇಷ್ಟ್ರು. ವಿಚಾರಣೆ ನೋಡುವುದಕ್ಕೆಂದೇ ಶಾಲೆಗೆ ರಜ ಕೊಟ್ಟು ಹೊರಟಿದ್ದರು. ಸುತ್ತಲ ಹತ್ತು ಹಳ್ಳಿಯ ಅರ್ಜಿಗಳೆಲ್ಲ ಅವರ ಕೈಯವು. ಸತ್ತ ಎಮ್ಮೆಯ ವಿಷಯ ಬರೆದರೂ ಕಚೇರಿಯವರು ಕಣ್ಣೊರೆಸಿಕೊಳ್ಳುವಂತೆ ಬರೆಯುತ್ತಿದ್ದರು.

"ಮೇಷ್ಟ್ರೇ, ಒಂದು ಮಾತು," ಎಂದ ಕಾಟಯ್ಯ. "ನಮ್ಮೋನಲ್ಲ, ಬ್ಯಾರೆ ಕಡೆ ಒಬ್ಬ ಪೂಜಾರಿ ಅವ್ನೆ. ಅವ್ನಿಗೆ ದೇವ್ರ ಹೆಸ್ರು ಮರ್ತೋಗೈತೆ ಅನ್ಕಳ್ರಿ. ಏನ್ ಮಾಡ್ಬೇಕು?"

ಮೇಷ್ಟ್ರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಎಲ್ಲವೂ ಅರ್ಥವಾಯಿತು. ಅರ್ಥವಾಗಿ ಸುಮ್ಮನಿರುವುದು ಅವರ ಜಾತಕದಲ್ಲಿ ಇರಲಿಲ್ಲ.

"ಆ ಬ್ಯಾರೆ ಪೂಜಾರಿಗೆ ಹೇಳು, ಹೆದ್ರಬ್ಯಾಡ ಅಂತ. ಸರ್ಕಾರಕ್ಕೆ ಉದ್ದನೆ ಹೆಸ್ರು ಕಂಡ್ರೆ ಮರ್ಯಾದೆ. ಗಿರಿಕಂದರವಾಸ ಶ್ರೀ ಸಪ್ತಶಿಲಾ ಸಿದ್ಧೇಶ್ವರ ಸ್ವಾಮಿ. ಹ್ಯಾಗೈತೆ?"

"ಇನ್ನೊಂದು ಸಲ ಅನ್ರಿ."

ಮೇಷ್ಟ್ರು ಮತ್ತೆ ಮತ್ತೆ ಹೇಳಿಕೊಟ್ಟರು. ದಂಡೆಯ ಉದ್ದಕ್ಕೂ ಕಾಟಯ್ಯ ಹೆಜ್ಜೆಗೊಂದು ಮಾತಿನಂತೆ ಅದನ್ನು ಉರು ಹೊಡೆದ. ಹಳ್ಳ ದಾಟುವಾಗ ಪಾಚಿಗಲ್ಲಿನ ಮೇಲೆ ಕಾಲು ಜಾರಿ ನೀರಲ್ಲಿ ಕೂತುಬಿಟ್ಟ. ಎದ್ದಾಗ ಗಿರಿಕಂದರವಾಸ ಹೋಗಿತ್ತು. ಒದ್ದೆ ಕಚ್ಚೆ ಹಿಂಡುವಷ್ಟರಲ್ಲಿ ಸಪ್ತಶಿಲೆಯೂ ಸಡಿಲವಾಯಿತು.

ಮಸಿಗುಡ್ಡದ ಬುಡದ ಆಲದ ನೆರಳಲ್ಲಿ ಅಮಲ್ದಾರರು ಮಡಿಸುವ ಕುರ್ಚಿಯ ಮೇಲೆ ಕೂತಿದ್ದರು. ಸಣಕಲು ಶರೀರ, ಬಿಳಿಯ ಪೇಟ, ಬೇಸತ್ತ ಒಳ್ಳೆಯ ಕಣ್ಣುಗಳು. ಆ ತಿಂಗಳು ಅವರು ಒಂಬತ್ತು ಗುಡ್ಡ ವಿಚಾರಿಸಿದ್ದರು. ಒಂಬತ್ತರಲ್ಲೂ ಹಿಂದಿನ ದಿನ ನೆಟ್ಟು ಅರಿಶಿನ ಬಳಿದ ಕಲ್ಲುಗಳು ಸಿಕ್ಕಿದ್ದವು. ಪಕ್ಕದಲ್ಲಿ ಕಂಪನಿ ದೊರೆ ಕಿತ್ತಳೆ ಹಣ್ಣು ಸುಲಿಯುತ್ತಿದ್ದ. ನೆಲದ ಮೇಲೆ ವೆಂಕಣ್ಣಯ್ಯನವರು, ಅವರ ಮುಂದೆ ಮರದ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಮಸಿಯ ದೌತಿ.

ಹಟ್ಟಿಯ ಅರವತ್ತು ಜನ ಸಾಲಾಗಿ ಕೂತಿದ್ದರು. ಕಾಟಯ್ಯ ಒದ್ದೆ ಬಟ್ಟೆಯಲ್ಲಿ ಬಂದದ್ದನ್ನು ಕಂಡು, "ನೋಡ್ರಿ, ಮಿಂದು ಮಡೀಲೇ ಬಂದ," ಎಂದು ಹೆಂಗಸರು ಮೆಚ್ಚಿಕೊಂಡರು. ಚಿತ್ತಯ್ಯ ಕೋಲು ಎತ್ತಿ ಇಳಿಸಿದ. ಅರವತ್ತು ಜನವೂ ಒಟ್ಟಿಗೆ ಕಿವಿಗೆ ಬೆರಳು ತುರುಕಿಕೊಂಡರು. ತಾಯಂದಿರು ತಮ್ಮ ಕಿವಿ ಬಿಟ್ಟು ಕೂಸುಗಳ ಕಿವಿ ಮುಚ್ಚಿದರು, ಅವರ ಕಿವಿಯನ್ನು ಹಿಂದೆ ಕೂತವರು ಮೊಣಕೈಯಿಂದ ಮುಚ್ಚಿದರು. ದೊರೆ ಕಿತ್ತಳೆ ತೊಳೆಯನ್ನು ಬಾಯಿಯ ಹತ್ತಿರವೇ ನಿಲ್ಲಿಸಿ, ಈ ಹಟ್ಟಿಯಲ್ಲಿ ಏನಾದರೂ ಕಿವಿ ಸೋರುವ ರೋಗವಿದೆಯೇ ಎಂದು ವಿಚಾರಿಸಿದ.

"ಗೌಡರೇ, ಇದೇನು?" ಎಂದರು ಅಮಲ್ದಾರರು.

"ಆಂ?" ಎಂದ ಚಿತ್ತಯ್ಯ.

"ಇದೇನು ಅಂದೆ."

"ಆಂ? ಹೂಂ, ಹೂಂ, ಎಲ್ಲಾ ಆರಾಮ್ ಅದೀವಿ!" ಎಂದು ಚಿತ್ತಯ್ಯ ಬೆಟ್ಟಕ್ಕೆ ಕೇಳುವಂತೆ ಕೂಗಿದ.

ಅಮಲ್ದಾರರು ಅವನ ಆಸೆ ಬಿಟ್ಟು ಕಾಟಯ್ಯನ ಕಡೆ ತಿರುಗಿದರು. "ಪೂಜಾರಿ ನೀನೇನಪ್ಪ? ಹೆದರಬೇಡ. ಕಲ್ಲು ನೋಡಿ ಬಂದೆ. ಅರಿಶಿನ ಇಲ್ಲ, ಕುಂಕುಮ ಇಲ್ಲ, ಬುಡದಲ್ಲಿ ನೂರು ವರ್ಷದ ಪಾಚಿ ಇದೆ. ನನಗಂತೂ ಸಂತೋಷವಾಯಿತು. ಕೇಳೋದು ಒಂದೇ ಮಾತು. ದೇವರ ಹೆಸರೇನು?"

ಕಾಟಯ್ಯ ಬಾಯಿ ತೆರೆದ. ಮೇಷ್ಟ್ರ ಹೆಸರು ಬಾಯಿಯವರೆಗೆ ಬಂದು, ತಲೆಬಾಗಿಲಲ್ಲಿ ನಿಂತ ನೆಂಟನಂತೆ ಒಳಗೂ ಬರಲಿಲ್ಲ, ಹೊರಗೂ ಹೋಗಲಿಲ್ಲ. ಗಿರಿ ಎನ್ನುವುದೇನೋ ಇತ್ತು. ಸಪ್ತವೋ ಸಪ್ಪೆಯೋ ಒಂದು ಇತ್ತು. ಜನರ ಹಿಂದೆ ನಿಂತ ಹಾಲಸ್ವಾಮಿ ಮೇಷ್ಟ್ರು ದೂರದಿಂದ ಬಾಯಿ ಅಗಲಿಸಿ ತೋರಿಸಿದರು. ಆಕಳಿಸಿದಂತೆ ಕಂಡಿತೇ ಹೊರತು ಹೆಸರು ಕಾಣಲಿಲ್ಲ. ಅರವತ್ತು ಜೊತೆ ಕಣ್ಣುಗಳು ಅವನ ತುಟಿಯ ಮೇಲಿದ್ದವು. ಅವನ ಕಣ್ಣು ಎದುರಿನ ಪೆಟ್ಟಿಗೆಯ ಮೇಲೆ ಬಿತ್ತು.

"ದೌತಯ್ಯ," ಎಂದುಬಿಟ್ಟ.

ಬರೆಯಲು ದೌತಿಗೆ ಲೇಖನಿ ಅದ್ದಿದ್ದ ವೆಂಕಣ್ಣಯ್ಯನವರು ಒಮ್ಮೆ ದೌತಿಯನ್ನೂ ಒಮ್ಮೆ ಕಾಟಯ್ಯನನ್ನೂ ನೋಡಿದರು. ಆದರೂ ಖಾನೆ ತುಂಬುತ್ತದಲ್ಲ ಎಂಬ ಸಂತೋಷದಲ್ಲಿ ದುಂಡಗೆ ಬರೆದರು.

ಅಮಲ್ದಾರರ ಹುಬ್ಬು ಮೇಲೆ ಹೋಯಿತು. "ಏನಂದೆ? ಗಟ್ಟಿಯಾಗಿ ಹೇಳು."

"ದೌತಯ್ಯ ಸ್ವಾಮಿ. ನಮ್ಮ ದೇವ್ರು ದೌತಯ್ಯ. ತಾತ ಮುತ್ತಾತನ ಕಾಲದಿಂದ್ಲೂ."

ಅಮಲ್ದಾರರು ಪೆಟ್ಟಿಗೆಯ ಕಡೆ ತಿರುಗಿ, "ವೆಂಕಣ್ಣಯ್ಯ, ಆ ಹಳೇ ಕಡತ ತೆಗೀರಿ," ಎಂದರು.

ಪೆಟ್ಟಿಗೆಯಿಂದ ಅಂಚು ಹುಳ ತಿಂದ ಒಂದು ಕಟ್ಟು ಬಂತು. ಐವತ್ತು ವರ್ಷದ ಹಿಂದೆ ಜಮೀನು ಅಳೆಯಲು ಬಂದ ಯಾರೋ ಅಧಿಕಾರಿ ಗುಡ್ಡಗುಡ್ಡಕ್ಕೂ ಬರೆದಿಟ್ಟ ಟಿಪ್ಪಣಿ. ವೆಂಕಣ್ಣಯ್ಯನವರು ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುವಿ ಓದಿದರು.

"ಮಸಿಗುಡ್ಡ. ಏಳು ಕಲ್ಲು. ಬಹು ಪುರಾತನ. ದೇವರ ಹೆಸರನ್ನು ಇವರು ಯಾರ ಮುಂದೆಯೂ ಉಚ್ಚರಿಸುವುದಿಲ್ಲವಾಗಿ, ನಾವು ಬಹಳ ಬೇಡಿಕೊಂಡ ಮೇಲೆ ಪೂಜಾರಿಯು ನಮ್ಮ ಕಿವಿಯಲ್ಲಿ ಮಾತ್ರ ಹೇಳಿದ್ದು. ಅದು ಏನೆಂದರೆ..."

ಓದಿಬಿಟ್ಟರು.

ನಾಲ್ಕೇ ಅಕ್ಷರದ ಹೆಸರು. ಅದನ್ನು ಇಲ್ಲಿ ಬರೆಯುವುದು ತರವಲ್ಲ.

ಕಾಟಯ್ಯ ತಟ್ಟನೆ ತಲೆಯೆತ್ತಿದ. ಎಂದೂ ಕೇಳಿರದ ಹೆಸರು, ಆದರೆ ಕೇಳಿದ ಕೂಡಲೇ ತನ್ನ ಮನೆಯವರನ್ನೇ ಯಾರೋ ಕೂಗಿದಂತಾಯಿತು. ನೀರು ಅಲ್ಲ. ಹಾಗಾದರೆ ಅಪ್ಪನಿಗೆ ಬಾಯಾರಿಕೆಯೇ ಆಗಿತ್ತು. ಕಿವಿಗೆ ಬಾಯಿಟ್ಟು ನೀರು ಕೇಳಿದ್ದ, ಹುಡುಗ ಹೆಸರಿಗೆ ಕಾಯುತ್ತ ಕೂತಿದ್ದ.

"ನೋಡಿದೆಯಾ?" ಎಂದರು ಅಮಲ್ದಾರರು. ದನಿಯಲ್ಲಿ ಸಿಟ್ಟಿಗಿಂತ ಸಂಕಟವಿತ್ತು. "ನೀನು ಹೇಳೋದಿಲ್ಲ ಅಂದುಬಿಟ್ಟಿದ್ದರೆ ಸಾಕಾಗಿತ್ತು. ಕಡತದಲ್ಲೂ ಅದೇ ಇದೆ. ಅದಕ್ಕಿಂತ ದೊಡ್ಡ ಸಾಕ್ಷಿ ನನಗೇನು ಬೇಕಿತ್ತು? ಈಗ ನೀನು ಇನ್ನೊಂದು ಹೆಸರು ಹೇಳಿದೀಯ. ಅದು ಬರೆದೂ ಆಗಿದೆ. ಈ ದೇವರ ನಿಜವಾದ ವಾರಸುದಾರ ನೀನಲ್ಲ ಅಂತ ನೀನೇ ಸಾಬೀತು ಮಾಡಿದ ಹಾಗಾಯಿತು."

ಕಾಟಯ್ಯ ಮೊಣಕಾಲೂರಿ ಕುಸಿದ. "ಬುದ್ಧೀ, ಸುಳ್ಳು ಹೇಳ್ದೆ! ನಂಗೆ ಹೆಸ್ರು ಗೊತ್ತಿರ್ಲಿಲ್ಲ! ನಮ್ಮಪ್ಪ ಹೇಳ್ದೆ ಸತ್ತೋದ! ನಲವತ್ತು ವರ್ಷ ಬರೀ ತುಟಿ ಅಲ್ಲಾಡ್ಸಿದೀನಿ, ಹಟ್ಟಿಗೆಲ್ಲ ಮೋಸ ಮಾಡಿದೀನಿ! ಕಲ್ಲು ಮಾತ್ರ ನಮ್ಮವೇ, ನಮ್ಮ ಮಣ್ಣು ಅಲ್ಲೈತೆ, ನನ್ನ ಮಗ್ಳು ಅಲ್ಲವ್ಳೆ!"

ಗಂಟಲು ಬಿರಿಯುವಂತೆ ಹೇಳಿದ. ಎದೆಯ ಮೇಲೆ ನಲವತ್ತು ವರ್ಷ ಕೂತಿದ್ದ ಬಂಡೆಯನ್ನು ಇಡೀ ಹಟ್ಟಿಯ ಎದುರು ಉರುಳಿಸಿಬಿಟ್ಟ. ಹಟ್ಟಿ ಕಿವಿಗೆ ಬೆರಳಿಟ್ಟುಕೊಂಡು ಭಕ್ತಿಯಿಂದ ನೋಡುತ್ತಿತ್ತು. ಪೂಜಾರಿಯ ಮೈಮೇಲೆ ದೇವರು ಬಂದಿದ್ದಾನೆಂದು ಕೆಲವರು ಕಣ್ಣಲ್ಲಿ ನೀರು ತಂದುಕೊಂಡರು.

"ಕಡತ ಓದಿದ ಮೇಲೆ ಯಾರಾದರೂ ಇದನ್ನೇ ಹೇಳುತ್ತಾರಪ್ಪ," ಎಂದರು ಅಮಲ್ದಾರರು, ಅವನ ಮುಖ ನೋಡದೆ. "ಮೊದಲೇ ಹೇಳಬೇಕಿತ್ತು. ಈ ತಿಂಗಳು ಎಷ್ಟು ಜನರ ಕಣ್ಣೀರು ನೋಡಿದೆ ಗೊತ್ತೇ? ಯಾವುದು ನಿಜ ಅಂತ ನಾನು ಹೇಗೆ ತಿಳಿಯಲಿ?"

ಸಹಿ ಆಯಿತು. ಹಾಲಸ್ವಾಮಿ ಮೇಷ್ಟ್ರು ಕೊಡೆ ಬಿಚ್ಚಿಕೊಂಡು ಮೆಲ್ಲಗೆ ಜಾಗ ಬಿಟ್ಟರು. ದೊರೆ ಕಿತ್ತಳೆ ಸಿಪ್ಪೆಯನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು, ಏಳು ಕಲ್ಲುಗಳನ್ನು ಬೇಕಾದರೆ ಕಿತ್ತುಕೊಂಡು ಹೋಗಲಿ, ಸೋಮವಾರದಿಂದ ಗುಡ್ಡ ಸಿಡಿಸಲು ಮದ್ದು ಹಾಕುತ್ತೇವೆ ಎಂದು ದೊಡ್ಡ ಮನಸ್ಸಿನಿಂದ ಹೇಳಿಸಿದ. ಮಣ್ಣಾದವರ ವಿಷಯ ಯಾವ ಖಾನೆಯಲ್ಲೂ ಇರಲಿಲ್ಲವಾಗಿ ಅದರ ಮಾತು ಬರಲಿಲ್ಲ.

ಕುರ್ಚಿ ಮಡಿಸಿದ್ದನ್ನು ಕಂಡು ಚಿತ್ತಯ್ಯ ಕೋಲೆತ್ತಿದ. ಅರವತ್ತು ಜನ ಕಿವಿಯಿಂದ ಬೆರಳು ತೆಗೆದರು.

"ಏನಂತೆ?"

"ಗುಡ್ಡ ಹೋಯ್ತು," ಎಂದ ಕಾಟಯ್ಯ.

ಮೊದಲು ಬಾಯಿಬಿಟ್ಟವಳು ಮೊಣಕೈಯಿಂದ ಮುಂದಿನವಳ ಕಿವಿ ಮುಚ್ಚಿದ್ದ ಮುದುಕಿಯೊಬ್ಬಳು. "ಹೆಸ್ರು ಹೇಳ್ಬಿಟ್ನಲ್ಲ, ಅದ್ಕೇ. ಹೆಸ್ರು ಹೇಳಿದ್ ಗಳಿಗೇಲೇ ದೇವ್ರು ಎದ್ದು ಹೋದ."

"ನೀವೇ ಅಲ್ವಾ ಹೇಳು ಅಂದಿದ್ದು?" ಎಂದ ಕಾಟಯ್ಯ.

ಯಾರಿಗೂ ಅಂಥದೇನೂ ನೆನಪಿರಲಿಲ್ಲ. ಚಿತ್ತಯ್ಯ ಮೀಸೆ ತೀಡಿ, "ನಾವು ನೂರು ಹೇಳ್ತೀವಪ್ಪ. ಪೂಜಾರಿ ಆದೋನಿಗೆ ಬುದ್ಧಿ ಬ್ಯಾಡ್ವಾ?" ಎಂದ. ನಿಂತ ನಿಲುವಿನಲ್ಲೇ ಪೂಜೆ ಕಾಟಯ್ಯನ ಕೈತಪ್ಪಿ ಗೊಲ್ಲಪ್ಪನಿಗೆ ಬಂತು. ಗೊಲ್ಲಪ್ಪ ಬೇಡ ಬೇಡವೆನ್ನುತ್ತ ಎರಡು ಹೆಜ್ಜೆ ಮುಂದೆ ಬಂದ.

ಹೊತ್ತು ಮುಳುಗುವ ಮೊದಲೇ ಕಲ್ಲುಗಳನ್ನು ಅಗೆದು ಹೊತ್ತು ತಂದು ಹಟ್ಟಿಯ ಹಿಂದೆ, ಕುರಿರೊಪ್ಪದ ಮಗ್ಗುಲಲ್ಲಿ ನೆಟ್ಟರು. ಕಿತ್ತ ಮೇಲೆ ಏಳರಲ್ಲಿ ಮನುಷ್ಯನದು ಯಾವುದು, ನಾಯಿಗಳವು ಯಾವುವು ಎಂಬುದು ಯಾರಿಗೂ ಗೊತ್ತಾಗಲಿಲ್ಲ. ಕೊನೆಗೆ ನಡುವೆ ಬಂದದ್ದೇ ಮನುಷ್ಯ ಎಂದುಕೊಂಡರು. ಗುಡ್ಡದ ಮೇಲೆ ಕಂಪನಿಯ ಕೆಂಪು ಬಾವುಟಗಳು ಗಾಳಿಗೆ ಪಟಪಟ ಎನ್ನುತ್ತಿದ್ದವು.

"ಇನ್ನು ಹೆಸ್ರು ಕೊಡಪ್ಪ ಇವ್ನಿಗೆ," ಎಂದ ಚಿತ್ತಯ್ಯ.

ಕಾಟಯ್ಯ ಗೊಲ್ಲಪ್ಪನ ಹತ್ತಿರ ಹೋದ. ಗುಡ್ಡ ಹೋಯಿತು, ಪೂಜೆ ಹೋಯಿತು, ಆದರೂ ಅಪ್ಪ ಮಾಡಲಾಗದ ಒಂದು ಕೆಲಸ ಇನ್ನೂ ಅವನ ಕೈಯಲ್ಲಿತ್ತು. ಗೊಲ್ಲಪ್ಪನ ಕಿವಿಗೆ ಬಾಯಿಟ್ಟು, ಕಣ್ಣು ಮುಚ್ಚಿ, ಆ ನಾಲ್ಕು ಅಕ್ಷರಗಳನ್ನು ಒಂದೊಂದಾಗಿ ಹೇಳಿದ.

ಗೊಲ್ಲಪ್ಪ ಹಿಂದಕ್ಕೆ ಸರಿದು ಅವನನ್ನು ಕೆಕ್ಕರಿಸಿ ನೋಡಿದ.

"ಭಾವ, ಹೊಟ್ಟೆಕಿಚ್ಚು ಪಡಬ್ಯಾಡ. ನಿಜವಾದ್ದು ಹೇಳು."

"ಇದೇ ಕಣೋ ನಿಜ. ನನ್ನ ಮಗ್ಳಾಣೆ."

"ಸತ್ತ ಮಗ್ಳ ಮ್ಯಾಲೆ ಸುಳ್ಳಾಣೆ ಬ್ಯಾರೆ!" ಗೊಲ್ಲಪ್ಪ ಅವನನ್ನು ಒಂದು ಪಕ್ಕಕ್ಕೆ ಎಳೆದು ಪಿಸುಗುಟ್ಟಿದ. "ನೀನು ಅಮಲ್ದಾರ್ರಿಗೆ ಹೇಳ್ವಾಗ ನನ್ನ ಎಡಗಿವಿ ಬೆಳ್ಳು ಜಾರಿತ್ತು. ಎರಡು ಸಲ ಕೇಳಿದೀನಿ. ದೇವ್ರ ಹೆಸ್ರು ಕಿವಿಗೆ ಬಿತ್ತಲ್ಲಪ್ಪ ಅಂತ ಹೆದ್ರಿ ಆಮೇಲೆ ಎರಡೂ ಬೆಳ್ಳು ಬುಡದ ತಂಕ ತುರುಕ್ಕಂಡೆ. ದೌತಯ್ಯ. ಹೌದಾ ಅಲ್ವಾ?"

"ಅದು ಅಲ್ಲ ಗೊಲ್ಲಪ್ಪ, ಅದು ನಾನು ಬಾಯಿಗೆ ಬಂದಿದ್ದು..."

"ಸರ್ಕಾರದ ಮುಂದೆ ಹೇಳಿದ್ದು ಸುಳ್ಳಾ? ಕಾಗದದ ಮ್ಯಾಲೆ ಬರ್ಕಂಡಿದ್ದು ಸುಳ್ಳಾ?" ಗೊಲ್ಲಪ್ಪ ಜನರ ಕಡೆ ತಿರುಗಿ ಗಟ್ಟಿಯಾಗಿ, "ಹೆಸ್ರು ನಂಗೆ ಬಂತ್ರಪ್ಪ! ಹಾಲು ತರ್ರಿ!" ಎಂದ.

ಹಟ್ಟಿ ದೊಡ್ಡದಾಗಿ ಉಸಿರು ಬಿಟ್ಟಿತು. ಗುಡ್ಡ ಹೋದರೂ ಹೆಸರು ಉಳಿಯಿತಲ್ಲ ಎಂದು ಮುದುಕಿಯರು ಸೆರಗಿನಿಂದ ಕಣ್ಣೊರೆಸಿಕೊಂಡರು. ಗೊಲ್ಲಪ್ಪ ನಡುವಿನ ಕಲ್ಲಿನ ಮುಂದೆ ಕೂತು ಹಾಲು ಎರೆದು, ಯಾರಿಗೂ ಕೇಳದಂತೆ, ಬಹಳ ನಿಷ್ಠೆಯಿಂದ ಮೂರು ಸಲ ಆ ಹೆಸರು ಹಿಡಿದು ಕರೆದ. ಎಲ್ಲರೂ ಕೈಮುಗಿದರು.

ನಿಂಗಕ್ಕ ಗಂಡನ ಪಕ್ಕೆಗೆ ಮೊಣಕೈಯಿಂದ ತಿವಿದಳು. "ಮುಗೀರಿ, ಎಲ್ರೂ ನೋಡ್ತಾವ್ರೆ."

ಕಾಟಯ್ಯ ದೌತಯ್ಯನಿಗೆ ಕೈಮುಗಿದ.